ನೋವಿಲ್ಲದಾಗ ಆಸ್ಪತ್ರೆಗೆ

(ಮೈಸೂರು ಮಂಡಿ ಮೊಹಲ್ಲಾದಲ್ಲಿ ಭಾನುವಾರ ಸಂಜೆ ಮಿಲ್ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆಯ ವಿಷಯ ಬಸುರಿಯರ ತಪಾಸಣೆ ಎಂದು ಚೀಟಿ ಹಂಚಿದಾಗ ನಮ್ಮವರೇ ಕೆಲವರು ನಕ್ಕರು. ಸ್ಪಿನ್ನಿಂಗ್ ಖಾತೆಯ ಹಿರಿಯರೊಬ್ಬರು, "ಬೋನಸ್ಸಿನ ಮಾತು ಬಿಟ್ಟು ಇದೇನಮ್ಮಾ, ಹೆಂಗಸರ ವಿಷಯ?" ಎಂದರು. ಹೆಂಗಸರು ತಾವೇ ತೀರ್ಮಾನ ಮಾಡುವಂತಿದ್ದರೆ ಇದು ಹೆಂಗಸರ ವಿಷಯವೆಂದು ನಾನೂ ಒಪ್ಪುತ್ತಿದ್ದೆ. ಹುಡುಗಿ ಎಷ್ಟನೆಯ ತರಗತಿಗೆ ಶಾಲೆ ಬಿಡಬೇಕು, ಯಾವ ವರ್ಷ ಮದುವೆಯಾಗಬೇಕು, ಬಸುರಾದ ಮೇಲೆ ಯಾವ ತಿಂಗಳಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು, ಈ ಮೂರನ್ನೂ ನಮ್ಮ ಮನೆಗಳಲ್ಲಿ ತೀರ್ಮಾನ ಮಾಡುವವರು ಗಂಡಸರು. ಮುಂದಿನ ಸಾಲಿನಲ್ಲಿ ಕುಳಿತಿರುವವರೂ ಅವರೇ. ಆದ್ದರಿಂದ ಈ ಮಾತು ತಮ್ಮ ಮುಂದೆಯೇ ಆಡಬೇಕಾದದ್ದು.

ನಾನು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳು. ಹಾಗಾಗಿ ಪುಸ್ತಕದಿಂದ ಆರಂಭಿಸದೆ ಮನೆಯಿಂದಲೇ ಆರಂಭಿಸುತ್ತೇನೆ.

ನಾವು ಇಬ್ಬರು ಹೆಣ್ಣುಮಕ್ಕಳು. ಅಪ್ಪ ನೂಲಿನ ಮಿಲ್ಲಿನಲ್ಲಿದ್ದರು. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಅವಳು ಆರನೆಯ ತರಗತಿಯಲ್ಲಿದ್ದಾಗ ಮಿಲ್ಲು ಲಾಕೌಟ್ ಆಯಿತು. ಏಳು ತಿಂಗಳು ಸಂಬಳವಿಲ್ಲ. ಅಮ್ಮ ಊದುಬತ್ತಿ ಹೊಸೆಯಲು ಕುಳಿತಳು. ಒಬ್ಬಳ ಕೈಯಿಂದ ಮನೆ ನಡೆಯಲಿಲ್ಲ. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಬೇಕಾಯಿತು. ಅಕ್ಕನ ಪುಸ್ತಕದ ಚೀಲ ಗೂಟಕ್ಕೆ ಏರಿತು. ಮಿಲ್ಲು ತೆರೆದ ಮೇಲೂ ಅದು ಗೂಟದಿಂದ ಇಳಿಯಲಿಲ್ಲ. ನನ್ನ ಪುಸ್ತಕ, ಸಮವಸ್ತ್ರ, ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಶುಲ್ಕ, ಎಲ್ಲವೂ ಅವಳು ಹೊಸೆದ ಕಡ್ಡಿಯ ಲೆಕ್ಕದಲ್ಲಿ ಬಂದದ್ದು. ಇದನ್ನು ನಾನು ಯಾವ ವೇದಿಕೆಯ ಮೇಲೂ ಮುಚ್ಚಿಡುವುದಿಲ್ಲ.

ಅಕ್ಕನಿಗೆ ಹದಿನೇಳಕ್ಕೆ ಮದುವೆಯಾಯಿತು. ಮರುವರ್ಷ, 2004ರಲ್ಲಿ, ಬಸುರಿ. ಎಂಟು ತಿಂಗಳು ತುಂಬುವವರೆಗೆ ಒಬ್ಬ ಡಾಕ್ಟರಾಗಲಿ ದಾದಿಯಾಗಲಿ ಅವಳ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿರಲಿಲ್ಲ. ಕಾಲು ಊದಿತು, ಎಲ್ಲ ಬಸುರಿಯರಿಗೂ ಊದುತ್ತದೆ ಎಂದರು. ತಲೆನೋವು ಬಂತು, ಪಿತ್ತ ಎಂದರು. ಕಣ್ಣು ಮಂಜಾಯಿತು, ರಾತ್ರಿ ದೀಪದಲ್ಲಿ ಕಡ್ಡಿ ಹೊಸೆಯಬೇಡ ಎಂದರು. ಒಂದು ದಿನ ಬೆಳಗಿನ ಜಾವ ಕೈಕಾಲು ಸೆಟೆದು ಫಿಟ್ಸು ಬಂತು. ಗಾಳಿ ಸೋಕಿದೆ ಎಂದು ಒಬ್ಬರು ತಾಯಿತ ತರಲು ಓಡಿದರು. ಪಕ್ಕದ ಮನೆಯವರು ಯಾರ ಮಾತನ್ನೂ ಕೇಳದೆ ಆಟೋ ತಂದು ಆಸ್ಪತ್ರೆಗೆ ಸಾಗಿಸಿದರು. ಅಕ್ಕ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು.

ಎರಡು ದಿನ ಕಳೆದು ಅವಳಿಗೆ ಪ್ರಜ್ಞೆ ಸರಿಯಾಗಿ ಬಂದ ಮೇಲೆ ಡಾಕ್ಟರಮ್ಮ ಕೇಳಿದರು: "ಮೊದಲೇ ಯಾಕಮ್ಮ ಬರಲಿಲ್ಲ?" ಅಕ್ಕ ಹೇಳಿದಳು: "ನೋವೇ ಇರ್ಲಿಲ್ಲವಲ್ಲ, ಡಾಕ್ಟರಮ್ಮ. ನೋವಿಲ್ದೆ ಆಸ್ಪತ್ರೆಗೆ ಯಾಕೆ ಬರ್ಬೇಕು?"

ಅಣ್ಣಂದಿರೇ, ಅವಳ ಈ ಪ್ರಶ್ನೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ನಾನು ಈ ಸಂಜೆ ಆಡುವ ಮಾತೆಲ್ಲ ಆ ಒಂದು ಪ್ರಶ್ನೆಗೆ ಉತ್ತರ.

ನನಗೆ ಮದುವೆಯಾದದ್ದು ಇಪ್ಪತ್ತೆರಡಕ್ಕೆ. 2014ರಲ್ಲಿ ನಾನು ಬಸುರಾದೆ. ಮೂರನೆಯ ತಿಂಗಳು ತುಂಬುವ ಮೊದಲೇ ಹೋಗಿ ತಾಯಿ ಕಾರ್ಡು ಮಾಡಿಸಿಕೊಂಡೆ. ಏಳನೆಯ ತಿಂಗಳ ತಪಾಸಣೆಯ ದಿನ ನನಗೆ ತಲೆನೋವಿಲ್ಲ, ಕಾಲು ಊದಿಲ್ಲ, ಬೆಳಿಗ್ಗೆ ಮಕ್ಕಳಿಗೆ ಪಾಠ ಮಾಡಿ ಅರ್ಧ ದಿನದ ರಜ ಬರೆದುಕೊಟ್ಟು ಬಂದಿದ್ದೆ. ದಾದಿ ತೋಳಿಗೆ ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು, ಎದ್ದು ಹೋಗಿ ಡಾಕ್ಟರನ್ನು ಕರೆತಂದರು. ಅಕ್ಕನಿಗೆ ಬಂದ ಕಾಯಿಲೆಯೇ ನನಗೂ ಆರಂಭವಾಗಿತ್ತು. ಒಡಹುಟ್ಟಿದವಳಿಗೆ ಬಂದಿದ್ದರೆ ಇನ್ನೊಬ್ಬಳಿಗೂ ಬರುವ ಸಂಭವ ಹೆಚ್ಚಂತೆ. ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬರಹೇಳಿದರು, ದಿನ ತುಂಬುವ ಮುನ್ನವೇ ಒಳಗೆ ಸೇರಿಸಿಕೊಂಡರು. ಆ ಮಗು ಈಗ ಶಾಲೆಗೆ ಹೋಗುತ್ತಿದ್ದಾನೆ.

ಒಂದೇ ಮನೆ, ಒಂದೇ ಅನ್ನ, ಒಂದೇ ಕಾಯಿಲೆ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ನಾನು ಓದಿದವಳು, ಅದರಿಂದ ಬಂತು ಎಂದು ಹೇಳಿ ಕುಳಿತುಕೊಳ್ಳುವುದು ಸುಲಭ. ಅದು ಅರ್ಧ ಸತ್ಯ. ಕಾಲವೂ ಬದಲಾಗಿತ್ತು. ಅಕ್ಕನ ಕಾಲಕ್ಕೆ ಆಶಾ ಕಾರ್ಯಕರ್ತೆಯರು ಇರಲಿಲ್ಲ. ಆ ಯೋಜನೆ ಬಂದದ್ದು 2005ರ ನಂತರ. 108 ಗಾಡಿ ನಮ್ಮ ರಾಜ್ಯದಲ್ಲಿ ಓಡಲಾರಂಭಿಸಿದ್ದು 2008ರಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯೂ ಅದಕ್ಕೆ ಬೇಕಾದ ಔಷಧಿಯೂ ಪೂರ್ತಿ ಪುಕ್ಕಟೆ ಎಂಬ ನಿಯಮ 2011ರದು. ಇವೆಲ್ಲ ಹೋರಾಡಿ ಕೇಳಬೇಕಾದ, ಉಳಿಸಿಕೊಳ್ಳಬೇಕಾದ ಸವಲತ್ತುಗಳೇ. ಆದರೂ ನನ್ನ ಬೀದಿಯಲ್ಲಿಯೇ, ಅದೇ ಆಶಾ, ಅದೇ ಆಸ್ಪತ್ರೆ ಇದ್ದಾಗಲೂ, ಎಂಟನೆಯ ತಿಂಗಳಿಗೆ ಮೊದಲ ಬಾರಿ ಕಾರ್ಡು ಮಾಡಿಸಿದ ಹುಡುಗಿಯರಿದ್ದರು. ಬಹುಪಾಲು ಅವರು ಐದಕ್ಕೆ, ಆರಕ್ಕೆ, ಏಳಕ್ಕೆ ಶಾಲೆ ಬಿಟ್ಟವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ದೇಶದ ಲೆಕ್ಕವೂ ಹೀಗೆಯೇ ಇದೆ: ಹೆಚ್ಚು ಓದಿದ ತಾಯಿ ಬೇಗ ತಪಾಸಣೆಗೆ ಹೋಗುತ್ತಾಳೆ, ಹೆಚ್ಚು ಸಲ ಹೋಗುತ್ತಾಳೆ.

ಶಾಲೆಯಲ್ಲಿ ನಮಗೆ ಬಸುರಿನ ಬಗ್ಗೆ ಪಾಠ ಹೇಳಿದರೆಂದು ತಿಳಿಯಬೇಡಿ. ವಿಜ್ಞಾನದ ಪುಸ್ತಕದಲ್ಲಿ ಆ ಅಧ್ಯಾಯವಿತ್ತು, ನಿಜ. ನಮ್ಮ ಮೇಷ್ಟ್ರು ಆ ಪುಟ ಬಂದ ದಿನ ಕೆಮ್ಮಿ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹೋದರು. ಮನೆಯಲ್ಲಿ ಅಮ್ಮ ಆ ಚಿತ್ರ ನೋಡಿ ಪುಸ್ತಕ ಮುಚ್ಚಿಸಿದಳು. ಬಸುರಿನ ವಿಷಯ ನನಗೆ ತಿಳಿದಿದ್ದಷ್ಟೇ ಅಕ್ಕನಿಗೂ ತಿಳಿದಿತ್ತು.

ಶಾಲೆ ಕಲಿಸಿದ್ದು ಬೇರೆ. ಶಾಲೆ ಜೂನ್ ತಿಂಗಳಲ್ಲಿ ಆರಂಭವಾಗುತ್ತದೆ. ಪರೀಕ್ಷೆ ಮಾರ್ಚಿಯಲ್ಲಿ. ಜೂನಿನಲ್ಲಿ ಯಾವ ಹುಡುಗಿಗೂ ಪರೀಕ್ಷೆಯ ನೋವಿಲ್ಲ. ಆದರೂ ಜೂನಿನಿಂದಲೇ ಓದಬೇಕು, ತಿಂಗಳಿಗೊಂದು ಕಿರುಪರೀಕ್ಷೆ ಕೊಡಬೇಕು, ತಪ್ಪಾದದ್ದನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಸಿಕೊಂಡು ತಿದ್ದಬೇಕು. ಹತ್ತು ವರ್ಷ ಇದನ್ನೇ ಮಾಡಿದ ಹುಡುಗಿಗೆ, ಒಂಬತ್ತು ತಿಂಗಳ ಮುಂದಿನ ದಿನಕ್ಕೆ ಈಗಲೇ ಸಿದ್ಧವಾಗು ಎಂದರೆ ಅದು ವಿಚಿತ್ರವೆನಿಸುವುದಿಲ್ಲ. ಇನ್ನೂ ಒಂದಿದೆ. ಕುರ್ಚಿಯ ಮೇಲೆ ಕುಳಿತವರ ಮುಂದೆ ನಿಂತು, "ಸಾರ್, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎಂದು ಕೇಳುವ ಧೈರ್ಯ ಶಾಲೆಯಲ್ಲಿ ಬರುತ್ತದೆ. ಅಕ್ಕನಿಗೆ ಆ ಧೈರ್ಯ ಬರುವ ವಯಸ್ಸಿನಲ್ಲಿ ಅವಳ ಮುಂದೆ ಇದ್ದದ್ದು ಮಣೆ, ಹಿಟ್ಟು, ಕಡ್ಡಿ; ಬಂದು ಲೆಕ್ಕ ಒಯ್ಯುವವರ ಮುಂದೆ ಬಾಯಿ ಮುಚ್ಚಿಕೊಂಡಿರುವುದು. ಎಲ್ಲಕ್ಕಿಂತ ದೊಡ್ಡದು, ಶಾಲೆ ನನಗೆ ವರ್ಷಗಳನ್ನು ಕೊಟ್ಟಿತು. ಪುಸ್ತಕ ಹಿಡಿದಿರುವ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುವುದು ತಡ.

ಈಗ ರಾಜ್ಯದ ಲೆಕ್ಕ ನೋಡೋಣ. ಸ್ವಲ್ಪ ಅಂಕಿ ಸಹಿಸಿಕೊಳ್ಳಿ. ಕರ್ನಾಟಕದಲ್ಲಿ 2005-06ರ ಸಮೀಕ್ಷೆಯಲ್ಲಿ ನೂರಕ್ಕೆ 65 ಹೆರಿಗೆಗಳು ಆಸ್ಪತ್ರೆಯಲ್ಲಾಗಿದ್ದವು. 2019-20ರ ಸಮೀಕ್ಷೆಯಲ್ಲಿ ನೂರಕ್ಕೆ 97. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ, ಬಸುರಿನ ಅವಧಿಯಲ್ಲಿ ಕನಿಷ್ಠ ನಾಲ್ಕು ಬಾರಿ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಸುಮಾರು 70 ಮಾತ್ರ. ನಾಲ್ಕು ಬಾರಿ ಎಂಬುದೇ ಕಡಮೆ. ಎಂಟು ಬಾರಿಯಾದರೂ ನೋಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿಯೇ ಹೇಳಿದೆ. ಎಂದರೆ ಏನಾಯಿತು? ನೋವು ಬಂದ ದಿನ ಓದಿದವಳೂ ಹೋಗುತ್ತಾಳೆ, ಓದದವಳೂ ಹೋಗುತ್ತಾಳೆ. ನೋವೇ ತಳ್ಳಿಕೊಂಡು ಹೋಗುತ್ತದೆ, 108 ಎತ್ತಿಕೊಂಡು ಹೋಗುತ್ತದೆ. ನೋವಿಲ್ಲದ ದಿನ ಯಾರು ಹೋಗುತ್ತಾರೆ ಎಂಬಲ್ಲಿ ಓದು ಕಾಣಿಸುತ್ತದೆ.

ಮಿಲ್ಲಿನವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಬೇರಿಂಗು ಕಿರುಗುಟ್ಟುವ ಮೊದಲೇ ಎಣ್ಣೆ ಹಾಕುವವನು ಒಳ್ಳೆಯ ಫಿಟ್ಟರು. ಮೆಷಿನ್ನು ನಿಂತ ಮೇಲೆ ಸ್ಪ್ಯಾನರು ಹಿಡಿದು ಓಡಿಬರುವವನನ್ನು ಏನೆನ್ನುತ್ತೀರೋ ನನಗಿಂತ ನಿಮಗೇ ಗೊತ್ತು.

ತಪಾಸಣೆಯಲ್ಲಿ ಏನು ಮಾಡುತ್ತಾರೆ? ಅನೇಕ ಗಂಡಸರಿಗೆ ಇದು ತಿಳಿಯದು. "ಸುಮ್ಮನೆ ತೂಕ ನೋಡಿ ಕಳಿಸ್ತಾರೆ, ಅದಕ್ಕೆ ಒಂದು ದಿನದ ಕೂಲಿ ಹಾಳು" ಎನ್ನುತ್ತಾರೆ. ತೂಕ ನೋಡುವುದು ಮಗು ಬೆಳೆಯುತ್ತಿದೆಯೇ ಎಂದು ತಿಳಿಯಲು. ತೋಳಿನ ಪಟ್ಟಿ ರಕ್ತದ ಒತ್ತಡಕ್ಕೆ. 140ಕ್ಕೆ 90 ಮುಟ್ಟಿದರೆ ಎಚ್ಚರಿಕೆ. ಮೂತ್ರ ನೋಡುವುದು ಅದರಲ್ಲಿ ಪ್ರೋಟೀನು ಹೋಗುತ್ತಿದೆಯೇ, ಸಕ್ಕರೆ ಇದೆಯೇ ಎಂದು. ಒತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಕಂಡರೆ ಅಕ್ಕನಿಗೆ ಬಂದ ಫಿಟ್ಸಿನ ದಾರಿ ಅದು. ರಕ್ತ ನೋಡುವುದು ಮುಖ್ಯವಾಗಿ ರಕ್ತಹೀನತೆಗೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಮೆಯಾದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಜೀವಕ್ಕೇ ಅಪಾಯ, ಏಕೆಂದರೆ ಹೆರಿಗೆಯಲ್ಲಿ ಹೋಗುವ ರಕ್ತವನ್ನು ತಡೆದುಕೊಳ್ಳಲು ಮೈಯಲ್ಲಿ ಏನೂ ಉಳಿದಿರುವುದಿಲ್ಲ. ನಮ್ಮ ರಾಜ್ಯದಲ್ಲಿ ನೂರು ಬಸುರಿಯರಲ್ಲಿ ಸುಮಾರು 46 ಮಂದಿಗೆ ರಕ್ತಹೀನತೆ ಎಂದು ಅದೇ 2019-20ರ ಲೆಕ್ಕ. ಅದರ ಹಿಂದಿನ ಸಮೀಕ್ಷೆಯಲ್ಲಿಯೂ ಹೆಚ್ಚು ಕಡಮೆ ಅಷ್ಟೇ ಇತ್ತು. ಆಸ್ಪತ್ರೆಯ ಹೆರಿಗೆ ಏರಿತು, ರಕ್ತ ಏರಲಿಲ್ಲ.

ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ ಎಂದು ಕೇಳುತ್ತೀರಿ. ಕೊಡುತ್ತಾರೆ, ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180. ಎಷ್ಟೋ ಮನೆಗಳಲ್ಲಿ ಅವು ಅಟ್ಟದ ಡಬ್ಬಿಯಲ್ಲಿವೆ, ನಾನೇ ನೋಡಿದ್ದೇನೆ. ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಹುಡುಗಿ ಹೆದರಿ ಬಿಡುತ್ತಾಳೆ. ಕಪ್ಪಾಗುವುದು ಸಹಜ, ಹೊಟ್ಟೆಗೆ ಆಗದಿದ್ದರೆ ರಾತ್ರಿ ಊಟವಾದ ಮೇಲೆ ನುಂಗಬಹುದು, ಸುಣ್ಣದ ಮಾತ್ರೆಯ ಜೊತೆಯಲ್ಲಿ ನುಂಗಬಾರದು ಎಂಬುದನ್ನು ಕೇಳಿ ತಿಳಿದವಳು ಮುಂದುವರಿಸುತ್ತಾಳೆ. ಕೇಳಲು ನಾಚಿದವಳು ಡಬ್ಬಿಗೆ ಹಾಕುತ್ತಾಳೆ. ಮತ್ತೆ, ಮಾತ್ರೆ ನುಂಗಿದ ಹೊತ್ತಿನಲ್ಲಿ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಮೆಯಾಗುತ್ತದೆ. ಇಲ್ಲಿ ಕುಳಿತಿರುವ ಟೀ ಅಂಗಡಿಯ ಅಣ್ಣಂದಿರು ಕೋಪಿಸಿಕೊಳ್ಳಬಾರದು, ಬಸುರಿಯರೇನು ನಿಮ್ಮ ಅಂಗಡಿಗೆ ಬರುವುದಿಲ್ಲವಲ್ಲ.

ಇಷ್ಟು ಹೇಳಿದರೆ ಒಂದು ಆಕ್ಷೇಪ ಬಂದೇ ಬರುತ್ತದೆ. "ನಮ್ಮ ಅಜ್ಜಿಯರು ಓದಿದ್ದರೇ? ಸೂಲಗಿತ್ತಿಯರು ಓದಿದ್ದರೇ?" ಎಂದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆ ಕಂಡವರಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು, ಹಣ ಕೇಳದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ತಾಯಿಗೆ ನಾನು ಕೈಮುಗಿಯುತ್ತೇನೆ. ಅಕ್ಷರವಿಲ್ಲದೆಯೂ ವಿದ್ಯೆ ಇರುತ್ತದೆ ಎಂಬುದಕ್ಕೆ ಅವರು ಸಾಕ್ಷಿ. ಆದರೆ ಎಂಥ ಪಳಗಿದ ಕೈಗೂ ಮಗುವಿನ ತಲೆ ಸಿಗುತ್ತದೆ, ಕಾಲು ಸಿಗುತ್ತದೆ. ರಕ್ತದ ಒತ್ತಡ ಸಿಗುವುದಿಲ್ಲ.

ನನ್ನ ಅತ್ತೆಯೂ ಮೊದಲು ಇದೇ ಮಾತು ಆಡಿದವರೇ. "ನಾವೆಲ್ಲ ನಾಟಿ ಹಾಕ್ತಾ ಹಾಕ್ತಾ ಹೆತ್ತೋರು, ನಿಂಗೇನು ತಿಂಗ್ಳು ತಿಂಗ್ಳು ಆಸ್ಪತ್ರೆ?" ಎಂದಿದ್ದರು. ಒತ್ತಡ ಏರಿದೆಯೆಂದು ತಿಳಿದ ಮೇಲೆ ನನ್ನ ಜೊತೆ ತಾವೇ ಬರಲಾರಂಭಿಸಿದರು. ಮೂರನೆಯ ಸಲ ಬೆಂಚಿನ ಮೇಲೆ ಸರದಿಗೆ ಕಾಯುತ್ತ ಕುಳಿತಿದ್ದಾಗ, ಯಾರೂ ಕೇಳದೆ, ತಾವಾಗಿ ಹೇಳಿದರು: "ನಂಗೆ ಏಳು ಹೆರಿಗೆ ಆಯ್ತು ಕಣಮ್ಮ. ನಾಕು ಉಳೀತು. ಆ ಮೂರು ಯಾಕೆ ಹೋದೋ, ಇವತ್ತಿನ ತನ್ಕ ಯಾರೂ ಹೇಳ್ಲಿಲ್ಲ." ಆಮೇಲೆ ಬೆಂಚಿನಲ್ಲಿದ್ದ ಬೇರೆ ಹುಡುಗಿಯರ ಕಾರ್ಡು ತೆಗೆದುಕೊಂಡು, "ಇದ್ರಲ್ಲಿ ಏನು ಬರೆದವ್ರೆ, ಓದು" ಎಂದು ನನ್ನ ಕೈಗೆ ಕೊಡುತ್ತಿದ್ದರು. ಕೆಲವರಿಗೆ ತಮ್ಮ ಕಾರ್ಡಿನಲ್ಲಿ ಏನು ಬರೆದಿದೆಯೆಂದು ಆ ದಿನವೇ ತಿಳಿದದ್ದು.

ಬರೆದ ಕಾಗದದ ಬೆಲೆ ಎಷ್ಟು ಎಂಬುದನ್ನು ಈ ಮೊಹಲ್ಲಾದಲ್ಲಿಯೇ ತೋರಿಸುತ್ತೇನೆ. ಇಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು, ನಮ್ಮವರು ಮಿಷನ್ ಆಸ್ಪತ್ರೆ ಎನ್ನುವುದನ್ನು, ಹೆಂಗಸರಿಗೂ ಮಕ್ಕಳಿಗೂ ಎಂದು 1906ರಲ್ಲಿ ತೆರೆದರು. ಅದಕ್ಕೂ ಇಪ್ಪತ್ತೈದು ವರ್ಷ ಮೊದಲು, 1881ರಲ್ಲಿ, ಅಂಬಿಲ್ ನರಸಿಂಹ ಅಯ್ಯಂಗಾರರು ಈ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭಿಸಿದ್ದರು; ಅದೇ ಮಹಾರಾಣಿ ಶಾಲೆ, ಕಾಲೇಜುಗಳಾಗಿ ಬೆಳೆಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಬೇಕೆಂದು ಮೈಸೂರು ಸರ್ಕಾರ 1930ರ ಜೂನ್ 11ರಂದು ಆದೇಶ ಮಾಡಿತು. ಆಗ ಪ್ರಪಂಚದಲ್ಲಿ ಬೇರೆ ಸರ್ಕಾರಗಳು ಆ ಮಾತೆತ್ತಲೂ ಹಿಂಜರಿಯುತ್ತಿದ್ದವು. ಬಾಗಿಲುಗಳು ಈ ಊರಿನಲ್ಲಿ ಬಹಳ ಹಿಂದೆಯೇ ತೆರೆದಿದ್ದವು. ಒಳಗೆ ಕಾಲಿಡುವಷ್ಟು ಓದು ಮಾತ್ರ ನಮ್ಮಂಥವರ ಮನೆಗೆ ಬರಲು ತಡವಾಯಿತು.

ಮಿಷನ್ ಆಸ್ಪತ್ರೆಯವರು 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟರು. ಬರೆದದ್ದನ್ನು ಎಸೆಯಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ವಿಜ್ಞಾನಿಗಳು ಆ ಪುಸ್ತಕಗಳನ್ನು ಬಿಚ್ಚಿ, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ ಇನ್ನೂ ಸುತ್ತಮುತ್ತ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷೆ ಮಾಡಿದರು. ಫಲಿತಾಂಶ 1996ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. 3.1 ಕಿಲೋಗೆ ಮೇಲ್ಪಟ್ಟವರಲ್ಲಿ ನೂರಕ್ಕೆ 3. ಮಗುವೂ ಸಣ್ಣದು, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಮೆ ಎಂದಾದರೆ ನೂರಕ್ಕೆ 20.

ಗಂಡಸರೇ, ಇದು ಹೆಂಗಸರ ವಿಷಯ ಎಂದಿರಲ್ಲ? ನಲವತ್ತೈದು ದಾಟಿದ ಮೇಲೆ ರಾತ್ರಿ ಪಾಳಿಯಲ್ಲಿ ಎದೆ ಹಿಡಿದುಕೊಂಡು ಕುಳಿತುಬಿಡುವವನ ಕಾಯಿಲೆಗೆ ಬೀಡಿ ಕಾರಣ, ಎಣ್ಣೆ ಕಾರಣ, ಪಾಳಿಯೂ ಕಾರಣ. ಅವನ ತಾಯಿ ಬಸುರಿಯಾಗಿದ್ದಾಗ ಹೊಟ್ಟೆ ತುಂಬ ಉಂಡಿದ್ದಳೇ, ಅವಳ ತೂಕವನ್ನು ಯಾರಾದರೂ ನೋಡಿ ಬರೆದಿದ್ದರೇ ಎಂಬುದೂ ಆ ಲೆಕ್ಕದಲ್ಲಿ ಸೇರಿದೆ.

ಇನ್ನು ಹೇಳಲು ಕಷ್ಟವಾದ ಮಾತು. ನಮ್ಮ ರಾಜ್ಯದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕರ ಪ್ರಾಯದ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತೆಂದು ಅದೇ ಸಮೀಕ್ಷೆ ಹೇಳಿದೆ. ಇಂಥ ಹುಡುಗಿ ಬಸುರಾದಾಗ ಏನಾಗುತ್ತದೆ? 2012ರ ಪೋಕ್ಸೊ ಕಾನೂನಿನಂತೆ ಹದಿನೆಂಟು ತುಂಬದ ಬಸುರಿ ಬಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು. ಮಕ್ಕಳನ್ನು ಕಾಪಾಡಲು ಬಂದ ಕಾನೂನು, ಅದು ಬೇಕು. ಆದರೆ ಗಂಡ ಜೈಲಿಗೆ ಹೋದಾನೆಂಬ ಹೆದರಿಕೆಯಲ್ಲಿ ಮನೆಯವರು ಹುಡುಗಿಯನ್ನೇ ಬಚ್ಚಿಡುತ್ತಾರೆ. ಎಲ್ಲರಿಗಿಂತ ಹೆಚ್ಚು ತಪಾಸಣೆ ಬೇಕಾದವಳು ಎಲ್ಲರಿಗಿಂತ ಕೊನೆಗೆ ಬರುತ್ತಾಳೆ.

ನಾನು ಶಾಲೆಯಲ್ಲಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದರು. "ಟೀಚರಮ್ಮ, ಹುಟ್ಟಿದ ತಾರೀಕು ಎರಡು ವರ್ಷ ಹಿಂದೆ ಹಾಕಿ ಒಂದು ಸರ್ಟಿಫಿಕೇಟು ಕೊಡಿಸಿ, ಕಾರ್ಡು ಮಾಡಿಸ್ಬೇಕು" ಎಂದರು. ಎಂಟನೆಯ ತರಗತಿಗೆ ಬಿಟ್ಟ ಹುಡುಗಿ. ನಾನು ಗುಣಾಕಾರ ಕಲಿಸಿದವಳು. ಸುಳ್ಳು ತಾರೀಕು ಬರೆಸುವುದಿಲ್ಲವೆಂದು ನಾನು ಗಟ್ಟಿಯಾಗಿ ಹೇಳಿ ಕಳಿಸಿದೆ. ಕಾಗದದ ಮಟ್ಟಿಗೆ ನಾನು ಮಾಡಿದ್ದು ಸರಿ. ಆದರೆ ಅದೇ ಹೊತ್ತಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೋಗಿ, ಕೇಸಿನ ವಿಷಯ ಆಮೇಲೆ ನೋಡೋಣ, ಮೊದಲು ಇವಳ ರಕ್ತ ನೋಡಿಸೋಣ ಎಂದು ಹುಡುಗಿಯ ಕೈಹಿಡಿದು ಕರೆದುಕೊಂಡು ಹೋಗಬೇಕಾಗಿತ್ತು. ನಾನು ಹೋಗಲಿಲ್ಲ. ಅವಳು ಎಂಟನೆಯ ತಿಂಗಳವರೆಗೆ ಯಾವ ಆಸ್ಪತ್ರೆಗೂ ಹೋಗಲಿಲ್ಲವೆಂದು ನಂತರ ತಿಳಿಯಿತು. ತಾಯಿ ಮಗು ಎರಡೂ ಉಳಿದವು. ಅದರಲ್ಲಿ ನನ್ನ ಪಾತ್ರ ಏನೂ ಇಲ್ಲ. ಶಾಲೆಯ ಕೆಲಸ ಬಿಟ್ಟು ನಾನು ಈ ಕೆಲಸಕ್ಕೆ ಬರಲು ಅದೂ ಒಂದು ಕಾರಣ.

ಹುಡುಗಿಯರು ಎಲ್ಲಿ ಕೈತಪ್ಪುತ್ತಾರೆ, ಗಮನಿಸಿದ್ದೀರಾ? ಕಡ್ಡಾಯ ಶಿಕ್ಷಣದ ಕಾನೂನು ಹದಿನಾಲ್ಕು ವರ್ಷಕ್ಕೆ, ಎಂಟನೆಯ ತರಗತಿಗೆ ಮುಗಿಯುತ್ತದೆ. ಅಲ್ಲಿಂದ ಹದಿನೆಂಟರವರೆಗಿನ ನಾಲ್ಕು ವರ್ಷ ಹುಡುಗಿ ಕಾನೂನಿನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದ್ದಾಳೆ. ಅಂಗಡಿಗೆ ಒಂದು ಕೈ ಬೇಕು, ಮನೆಯಲ್ಲಿ ಸಣ್ಣ ಮಗುವಿದೆ, ಹೈಸ್ಕೂಲು ದೂರ, ಕಾಲ ಕೆಟ್ಟಿದೆ. ಕಾರಣಗಳು ನನಗೆ ಗೊತ್ತು. ನಮ್ಮ ಅಪ್ಪನೂ ಕೆಟ್ಟವರಾಗಿರಲಿಲ್ಲ. ಬಸ್ಸಿನ ಕಾಸು ಎಂಬ ಕಾರಣ ಮಾತ್ರ ಈಗ ಹೇಳಬೇಡಿ, 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ಹಣವಿಲ್ಲ. 2018ರಿಂದ 2020ರವರೆಗಿನ ಸರ್ಕಾರದ ಲೆಕ್ಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟುವಾಗ ಕರ್ನಾಟಕದಲ್ಲಿ 69 ತಾಯಂದಿರು ಸತ್ತರು, ಕೇರಳದಲ್ಲಿ 19. ಎರಡರ ನಡುವೆ ಒಂದು ಘಟ್ಟ ಅಡ್ಡವಿದೆ, ಅಷ್ಟೇ. ಅವರ ಆಸ್ಪತ್ರೆಗಳು ಚೆನ್ನಾಗಿವೆ, ನಿಜ. ಆ ಆಸ್ಪತ್ರೆಗೆ ತಲೆಮಾರುಗಳಿಂದ ಓದಿದ ಹೆಂಗಸರು ಹೋಗಿ ಕೇಳುತ್ತ ಬಂದಿದ್ದಾರೆ ಎಂಬುದೂ ನಿಜ.

ಹಾಗೆಂದು ಓದದ ಹೆಂಗಸಿನ ತಲೆಯ ಮೇಲೆ ತಪ್ಪು ಹೊರಿಸಿ ಸರ್ಕಾರ ಕೈತೊಳೆದುಕೊಳ್ಳಲು ನಾನು ಬಿಡುವುದಿಲ್ಲ. ಅಕ್ಷರ ಬಾರದವಳಿಗೂ ಅರ್ಥವಾಗುವಂತೆ ಹೇಳುವುದು ಆಸ್ಪತ್ರೆಯ ಕೆಲಸ. "ಇಷ್ಟು ದಿನ ಏನ್ಮಾಡ್ತಿದ್ದೆ?" ಎಂದು ಮೊದಲ ದಿನವೇ ಗದರಿಸಿಕೊಂಡವಳು ಎರಡನೆಯ ಸಲ ಬರುವುದಿಲ್ಲ. ತಜ್ಞ ವೈದ್ಯರು ಪ್ರತಿ ತಿಂಗಳ 9ನೇ ತಾರೀಕು ಬಸುರಿಯರನ್ನು ಪುಕ್ಕಟೆಯಾಗಿ ನೋಡುವ ಏರ್ಪಾಡು 2016ರಿಂದ ಇದೆ, ಒಳ್ಳೆಯದು. ಆದರೆ ಹಗಲು ಹೊತ್ತಿನ ಸರದಿಯಲ್ಲಿ ನಿಂತವಳಿಗೆ ಆ ದಿನದ ಕೂಲಿ ಇಲ್ಲ. ಕಾರ್ಖಾನೆಯ ಹೆಂಗಸಿಗೆ 1961ರ ಕಾನೂನು ಹೆರಿಗೆ ರಜ ಕೊಟ್ಟಿತು. 2017ರಲ್ಲಿ ಅದು ಮೊದಲ ಎರಡು ಹೆರಿಗೆಗೆ 26 ವಾರಕ್ಕೆ ಏರಿತು. ಮನೆಯಲ್ಲಿ ಮಣೆಯ ಮುಂದೆ ಕುಳಿತು ಸಾವಿರಕ್ಕಿಷ್ಟು ಎಂದು ಊದುಬತ್ತಿ ಹೊಸೆಯುವವಳಿಗೆ, ಬೀಡಿ ಕಟ್ಟುವವಳಿಗೆ ರಜ ಕೊಡಲು ಮಾಲಿಕನೆಂದು ಯಾರನ್ನು ಹಿಡಿಯಬೇಕು? ವಾರದಲ್ಲಿ ಒಂದು ದಿನವಾದರೂ ಸಂಜೆ ಆರರಿಂದ ಎಂಟರವರೆಗೆ ಪ್ರತಿ ಮೊಹಲ್ಲಾದ ಆರೋಗ್ಯ ಕೇಂದ್ರದಲ್ಲಿ ಬಸುರಿಯರನ್ನು ನೋಡಬೇಕೆಂದು ಒಂದು ಮನವಿ ಬರೆದಿದ್ದೇವೆ. ಬಾಗಿಲ ಬಳಿ ಮೇಜಿನ ಮೇಲೆ ಇದೆ. ಗಂಡಸರೂ ರುಜು ಹಾಕಬೇಕು. ಹೆಬ್ಬೆಟ್ಟು ಒತ್ತುವವರಿಗೆ ಶಾಯಿಯ ಪ್ಯಾಡೂ ಇಟ್ಟಿದ್ದೇವೆ.

ಕೊನೆಯದಾಗಿ ಮನೆಯ ಇನ್ನೊಂದು ಸುದ್ದಿ. ಅಕ್ಕನಿಗೆ ಆಮೇಲೆ ಒಬ್ಬ ಮಗಳು ಹುಟ್ಟಿದಳು. ಆ ಬಸುರಿನಲ್ಲಿ ಅವಳು ಮೊದಲ ತಿಂಗಳಿನಿಂದಲೇ ಆಸ್ಪತ್ರೆಗೆ ಹೋದಳು. ಅದನ್ನು ಅವಳು ಕಲಿತದ್ದು ಶಾಲೆಯಲ್ಲಲ್ಲ, ಎಲ್ಲಿ ಎಂದು ನಿಮಗೆ ಗೊತ್ತು. ಆ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು. ನಮ್ಮ ಭಾವ ತರಕಾರಿ ಅಂಗಡಿಯವರು, ನಿಮ್ಮಲ್ಲೊಬ್ಬರಂತೆ ಒಳ್ಳೆಯ ಮನುಷ್ಯ. ಹೋದ ವಾರ ಫೋನು ಮಾಡಿ, "ಒಂದು ಸಂಬಂಧ ಬಂದಿದೆ, ಮದುವೆ ಹದಿನೆಂಟು ತುಂಬಿದ ಮೇಲೇ ಮಾಡೋಣ, ಈಗ ಮಾತು ಮಾತ್ರ ಆಡಿಡೋಣ ಅಂತ. ಕಾಲೇಜಿಗೆ ಸೇರಿಸೋದು ಬೇಡ ಅಂತ ಅವರ ಕಡೆಯವರ ಅಭಿಪ್ರಾಯ" ಎಂದರು. ಅಕ್ಕ ಫೋನು ಕಸಿದುಕೊಂಡು ನನಗೆ ಒಂದೇ ಮಾತು ಹೇಳಿದಳು: "ನೀನು ಬಾ. ನಿನ್ನ ಫೀಸು ಕಟ್ಟಿದ್ದು ಇದಕ್ಕೇ."

ಕಾಲೇಜಿಗೆ ಅರ್ಜಿ ಕೊಡಲು ಇನ್ನು ನಾಲ್ಕು ದಿನ ಉಳಿದಿದೆ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ನಾನು ಅವರ ಮನೆಗೆ ಹೋಗುತ್ತಿದ್ದೇನೆ. ಭಾವನ ಜೊತೆ ಮಂಡಿಯಲ್ಲಿ ವ್ಯಾಪಾರ ಮಾಡುವವರು ಈ ಸಭೆಯಲ್ಲಿ ಇಬ್ಬರು ಮೂವರಿದ್ದೀರಿ. ನನ್ನ ಮಾತಿಗಿಂತ ನಿಮ್ಮ ಮಾತಿಗೆ ಅವರು ಬೆಲೆ ಕೊಡುತ್ತಾರೆ. ಬರುವವರು ಆರೂವರೆಗೆ ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿರಿ.